ಸಲಿಕೆಯ ಮೇಲಿನ ರಕ್ತ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೂಡುಬಿದಿರೆಯ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಹದಿನೈದು ವರ್ಷ ಸಿಗಡಿಯ ರಕ್ತ ತೆಗೆದವಳೆಂಬ ಜಂಬ ಬೇರೆ. ಬಂಟ್ವಾಳದ ಹೊಳೆ ಬದಿಯಲ್ಲಿ ತಮ್ಮನದ್ದೊಂದು ಸಿಗಡಿ ಹೊಂಡ ಇತ್ತು. ಬೆನ್ನುನೋವಿನಿಂದ ಬಸ್ಸಿನ ಡ್ರೈವರ್ ಕೆಲಸ ಬಿಟ್ಟವನಿಗೆ ಉಳಿದ ಬದುಕೆಂದರೆ ಅದೊಂದೇ.

ಆ ವಾರ ಪಕ್ಕದವರ ಹೊಂಡಕ್ಕೆ ರೋಗ ಬಂತು. ಸಿಗಡಿಯ ರಕ್ತಕ್ಕೆ ಹೇಳುವಂಥ ಬಣ್ಣವಿಲ್ಲ. ಆದರೆ ಗಾಯವಾದರೆ ಒಂದೆರಡು ನಿಮಿಷದಲ್ಲೇ ಲೋಳೆಯಂತೆ ಹೆಪ್ಪುಗಟ್ಟಿ ಗಾಯ ಮುಚ್ಚಿಬಿಡುತ್ತದೆ. ಬ್ಯಾಕ್ಟೀರಿಯಾ ಹೊಕ್ಕರೆ ಹೆಪ್ಪುಗಟ್ಟಿಸುವ ಸತ್ವವೇ ಒಳಗೊಳಗೆ ಖರ್ಚಾಗಿ, ರಕ್ತ ನೀರಾಗಿಯೇ ಉಳಿಯುತ್ತದೆ. ಒಂದು ಕಾಲು ಮುರಿದರೂ ಸಾಕು, ಸೋರಿ ಸೋರಿ ಸಾಯುತ್ತದೆ. ಪಕ್ಕದ ಹೊಂಡದಲ್ಲಿ ಅವು ಹಾಗೇ ಸತ್ತವು. ತಮ್ಮ ಹೆದರಿ ನನಗೆ ಫೋನ್ ಮಾಡಿದ.

ಶನಿವಾರ ಮಧ್ಯಾಹ್ನ ಲ್ಯಾಬಿನ ಫ್ರಿಜ್ಜಿನಿಂದ ಸಿರಿಂಜಿನ ಡಬ್ಬ ಎತ್ತಿಕೊಂಡು ಬಸ್ಸು ಹತ್ತಿದೆ. ಹತ್ತು ಸಿಗಡಿಗಳ ರಕ್ತ ತೆಗೆದು, ಗಾಜಿನ ಮೇಲೆ ಹನಿಸಿ, ಸೂಜಿಯಿಂದ ಕೆದಕಿದೆ. ಒಂದೂ ಹೆಪ್ಪುಗಟ್ಟಲಿಲ್ಲ. ಕಾಲು ಗಂಟೆ ಕಾದರೂ ನೀರೇ. ತಮ್ಮ ಮೆಲ್ಲಗೆ, ಇವು ಚೆನ್ನಾಗಿ ತಿನ್ನುತ್ತಿವೆಯಲ್ಲ, ನಾಳೆ ಇನ್ನೊಮ್ಮೆ ನೋಡುವ ಎಂದ. ನನಗೆ ಉರಿದುಹೋಯಿತು.

"ನಾಳೆಯೊಳಗೆ ಹೊಳೆಯ ಕೆಳಗಿನ ಹೊಂಡದವರದ್ದೂ ಸಾಯಲಿ ಅಂತಲಾ? ಕೊಲ್ಲು ಮಾರಾಯ, ಈಗಲೇ."

ಪಕ್ಕದವರಲ್ಲಿ ಉಳಿದಿದ್ದ ಬ್ಲೀಚಿಂಗ್ ಪೌಡರಿನ ಚೀಲಗಳನ್ನು ತಂದು ಅವನು ಸುರಿದ. ಹೊಂಡ ಕುದಿದಂತಾಯಿತು. ಸಿಗಡಿಗಳು ಒಂದರ ಮೇಲೊಂದು ಹತ್ತಿ, ಬಾಲ ಬಡಿದು, ದಂಡೆಗೆ ಹಾರಿದವು. ಹೊಳೆಗೆ ಜಾರಿದರೆ ರೋಗ ಹರಡೀತೆಂದು ನಾನು ಸಲಿಕೆಯಿಂದ ಅವುಗಳನ್ನು ಜಜ್ಜತೊಡಗಿದೆ. ಚಿಪ್ಪು ಒಡೆದು, ಕಣ್ಣು ಸಿಡಿದು ಚೂಡಿದಾರಕ್ಕೆ ಹತ್ತಿತು. ನನ್ನ ಕೈ ನಿಲ್ಲಲಿಲ್ಲ. ನಿಜ ಹೇಳುತ್ತೇನೆ, ಹೊಡೆಯುವುದರಲ್ಲಿ ಒಂದು ಸುಖವೂ ಇತ್ತು.

ದಣಿದು ಸಲಿಕೆ ಒರೆಸಲು ಹೋದಾಗ ಬೆರಳಿಗೆ ಲೋಳೆ ಅಂಟಿತು. ಎಳೆದರೆ ನೂಲಿನಂತೆ ಬಂತು. ಇನ್ನೊಂದನ್ನು ಜಜ್ಜಿ ಕಾದೆ. ಅದರ ರಕ್ತವೂ ಕಣ್ಣೆದುರೇ ಗಟ್ಟಿಯಾಯಿತು. ರೋಗ ತಗುಲಿದ ಸಿಗಡಿಯ ರಕ್ತ ಹೀಗಾಗುವುದಿಲ್ಲ.

ಆಗ ಹೊಳೆಯಿತು. ಲ್ಯಾಬಿನಲ್ಲಿ ರಕ್ತ ಸೂಜಿಯೊಳಗೇ ಕಟ್ಟಿಕೊಳ್ಳಬಾರದೆಂದು ಪ್ರತಿ ಸಿರಿಂಜಿಗೂ ಹೆಪ್ಪು ತಡೆಯುವ ಔಷಧವನ್ನು ಮೊದಲೇ ಎಳೆದಿಡುತ್ತೇವೆ. ಸ್ವಲ್ಪವೇ, ನೀರಿನ ಬಣ್ಣದ್ದು. ನಾನು ತಂದ ಡಬ್ಬದವಕ್ಕೆ ಆ ಬೆಳಿಗ್ಗೆ ಎಳೆದಿಟ್ಟವಳೂ ನಾನೇ.

ತಮ್ಮನಿಗೆ ಎಲ್ಲ ಹೇಳಿದೆ. ಅವನು ಕೆನ್ನೆಗೆ ಬಾರಿಸಿದ ಹೊಡೆತಕ್ಕೆ ನಾನು ಕೆಸರಿಗೆ ಬಿದ್ದೆ. ತುಟಿ ಒಡೆಯಿತು. ಇನ್ನೂ ನಾಲ್ಕು ಹೊಡೆಯಲಿ ಎಂದೇ ಅನಿಸಿತು. ಆದರೆ ಅವನು ಹೊಂಡದ ಕಡೆ ತಿರುಗಿದ್ದ. ಅಲ್ಲಿ ನೂರಾರು ಇನ್ನೂ ಮಿಡುಕುತ್ತಿದ್ದವು.

"ಅಕ್ಕ, ಒಂದಾದರೂ ಉಳೀತದಾ?"

ಇಲ್ಲ ಎಂದೆ.

"ಹಾಗಾದರೆ ಒದ್ದಾಡಿಸುವುದು ಬೇಡ. ಬೇಗ ಕೊಲ್ಲುವ."

ಅವನು ಸಲಿಕೆ ಎತ್ತಿಕೊಂಡ, ನನ್ನ ಕೈಗೆ ಒಂದು ಕೋಲು ಕೊಟ್ಟ. ಅವನು ಅಳುತ್ತ ಹೊಡೆದ. ನಾನು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಏನೂ ರೋಗವಿಲ್ಲದ ಸಿಗಡಿಗಳನ್ನು ಒಂದೊಂದಾಗಿ ಮುಗಿಸಿದೆ.