ಅಳುವವರ ಪಕ್ಕದಲ್ಲಿ ಸಾಮುವೇಲಪ್ಪ

ಸಾಮುವೇಲಪ್ಪನವರಿಗೆ ಪಿಸುಮಾತು ಬರುತ್ತಿರಲಿಲ್ಲ. ದೇವದುರ್ಗದ ಬಜಾರಿನಲ್ಲಿದ್ದ ಅವರ ದರ್ಜಿ ಅಂಗಡಿಯಲ್ಲಿ ಯಾರದಾದರೂ ಸೊಂಟದ ಅಳತೆ ತೆಗೆದರೆ ಆ ಅಳತೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಹೊಟ್ಟೆ ಬಂದ ರೈಸ್‌ಮಿಲ್ ಸಾಹುಕಾರರು ಅದಕ್ಕೇ ಅಂಗಡಿಗೆ ಬರುತ್ತಿರಲಿಲ್ಲ, ಮನೆಗೇ ಕರೆಸಿಕೊಳ್ಳುತ್ತಿದ್ದರು. ಭಾನುವಾರ ಊರಾಚೆಯ ತಗಡಿನ ಚಾವಣಿಯ ಚರ್ಚಿನಲ್ಲಿ ಅವರೇ ಉಪದೇಶಿ. ಅಲ್ಲಿಯೂ ಅದೇ ದನಿ, ಕೊರಳಲ್ಲಿ ಅದೇ ಅಳತೆಪಟ್ಟಿ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮಲೇರಿಯಾ ನೌಕರನಾಗಿ ದೇವದುರ್ಗಕ್ಕೆ ಬಂದೆ. ಊರೂರು ಸುತ್ತಿ ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತದ ಹನಿ ಹಿಡಿದು, ರಾಯಚೂರಿಗೆ ಕಳಿಸುವುದು ನನ್ನ ಕೆಲಸ. ಬಾಡಿಗೆ ಖೋಲಿ ಸಾಮುವೇಲಪ್ಪನವರ ಮನೆಗೆ ಹೊಂದಿಕೊಂಡಿತ್ತು. ಅವರ ಪ್ರಾರ್ಥನೆಗಳೆಲ್ಲ ನನಗೆ ಗೋಡೆಯ ಮೂಲಕವೇ ಬಾಯಿಪಾಠವಾದವು.

ಅವರ ಉಪದೇಶಕ್ಕೆ ವಿಷಯ ಒಂದೇ. ಯೇಸು ಬೆಟ್ಟದ ಮೇಲೆ ಕುಳಿತು ಯಾರು ಯಾರನ್ನು ಧನ್ಯರೆಂದು ಕರೆದನೋ ಆ ಮಾತುಗಳು. ಬಡವರು, ಅಳುವವರು, ಸೌಮ್ಯರು, ಕರುಣೆಯುಳ್ಳವರು. ಹಾಗಾದರೆ ಹೊಲ ಮನೆ ಮಕ್ಕಳು ಇದ್ದವರೆಲ್ಲ ಧನ್ಯರಲ್ಲವೇ ಎಂದು ಪಕ್ಕದಂಗಡಿಯಲ್ಲಿ ಗುಂಡಿ, ದಾರ ಮಾರುವ ರಸೂಲ್‌ಸಾಬರು ಕೆಣಕುತ್ತಿದ್ದರು. ಸಾಮುವೇಲಪ್ಪ ಹೊಲಿಗೆ ಯಂತ್ರ ನಿಲ್ಲಿಸಿ ಹೇಳುತ್ತಿದ್ದರು: “ಅದು ಎಲ್ಲಾರಿಗೂ ಹೊಂದೋ ಅಂಗೀರಿ. ಆದ್ರ ಮೈಮ್ಯಾಗಿನ ದೊಡ್ಡಸ್ತಿಕಿ ಬಿಚ್ಚಿ ಹಾಕ್ಕೋಬೇಕು.” ಈ ಮಾತು ಅವರಿಗೆ ಬಹಳ ಮೆಚ್ಚುಗೆ. ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಮಸರಕಲ್ಲಿನ ಎಲಿಶಮ್ಮ ಎಂಬ ವಿಧವೆಯ ಮಗಳಿಗೆ ಜ್ವರ ಬಂತು. ಒಬ್ಬಳೇ ಮಗಳು, ಹತ್ತು ವರ್ಷವಿದ್ದೀತು. ನಾನೇ ಹೋಗಿ ಬೆರಳು ಚುಚ್ಚಿ ಬಂದಿದ್ದೆ. ಹುಡುಗಿ ಅಳಲಿಲ್ಲ, ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ನಾಲ್ಕನೆಯ ದಿನ ಸತ್ತಳು. ರಾಯಚೂರಿನಿಂದ ವರದಿ ಬಂದದ್ದು ಆಮೇಲೆ. ರಕ್ತದಲ್ಲಿ ಮಲೇರಿಯಾ ಇರಲಿಲ್ಲ. ಬೇರೆ ಯಾವುದೋ ಜ್ವರ.

ಎಲಿಶಮ್ಮ ಸಾಮುವೇಲಪ್ಪನವರ ಚರ್ಚಿನ ಸಭೆಯವಳು. ಮಣ್ಣು ಮಾಡಲು ಅವರು ಹೊರಟಾಗ ನಾನೂ ಸೈಕಲ್ ತೆಗೆದೆ. ಎಲ್ಲ ಮುಗಿದ ಮೇಲೆ ಆಕೆ ತನ್ನ ಹೊಸ್ತಿಲ ಮೇಲೆ ಕುಳಿತಿದ್ದಳು. ಸಾಮುವೇಲಪ್ಪ ಎದುರು ನಿಂತು, ಪುಸ್ತಕ ತೆರೆದು, ಓಣಿಗೆಲ್ಲ ಕೇಳುವಂತೆ ಹೇಳಿದರು: “ಅಳೋರು ಧನ್ಯರಂತ ಸ್ವಾಮಿ ಹೇಳ್ಯಾನ, ಯವ್ವಾ. ಇವತ್ತ ನೀ ಧನ್ಯಳಾದಿ.”

ಆಕೆ ತಲೆ ಎತ್ತಿದಳು. ಸಿಟ್ಟೇನೂ ಇರಲಿಲ್ಲ.

“ಯಪ್ಪಾ, ಆ ಧನ್ಯ ನಿನ್ನ ಮನೀಗೆ ಒಯ್ಯಿ. ನನಗ ನನ್ನ ಮಗಳು ಸಾಕಿತ್ತು.”

ಉಪದೇಶಿಗೆ ಹೀಗೆ ಅನ್ನಬಾರದೆಂದು ನೆರೆದವರು ಅವಳನ್ನೇ ಗದರಿದರು. ಸಾಮುವೇಲಪ್ಪ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು, ಪುಸ್ತಕ ಮುಚ್ಚಿದರು. ದೇವದುರ್ಗದವರೆಗೆ ನನ್ನ ಜೊತೆಗೇ ಸೈಕಲ್ ತುಳಿದರು, ಒಂದು ಮಾತನ್ನೂ ಆಡಲಿಲ್ಲ. ನಡುದಾರಿಯಲ್ಲಿ ಚೈನು ಕಳಚಿದಾಗಲೂ ಸುಮ್ಮನೆ ಇಳಿದು ಏರಿಸಿ ಮತ್ತೆ ಹತ್ತಿದರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮುಂದಿನ ಭಾನುವಾರ ಅವರು ಬೇರೆ ಏನನ್ನೋ ಓದಿದರು. ಆ ಗುರುವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮಸರಕಲ್ಲಿಗೆ ಹೋದರು. ಅದರ ಮುಂದಿನ ಗುರುವಾರವೂ ಹೋದರು. ಹೊಲಿಗೆಗೆ ಕೊಟ್ಟವರು ಬಂದು ಬೈದು ಹೋಗುವುದು ಶುರುವಾಯಿತು. ಗಂಡಿಲ್ಲದ ಮನೆಗೆ ವಾರವಾರ ಹೋಗುತ್ತಾರೆಂದು ಸಭೆಯ ಹಿರಿಯರು ಕೊಂಕು ತೆಗೆದರು. ಅವರ ಹೆಂಡತಿ ದಾನಮ್ಮ ಮಾತ್ರ ಏನೂ ಅನ್ನದೆ ಗುರುವಾರ ಒಂದು ರೊಟ್ಟಿಯ ಗಂಟು ಕಟ್ಟಿಕೊಡುತ್ತಿದ್ದರು. ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದು ನಾನು ಒಮ್ಮೆ ಕೇಳಿದೆ.

“ಕುಂದ್ರತೀನ್ರೀ,” ಎಂದರು.

ಅಷ್ಟೇ. ಅಂಗಳದಲ್ಲಿ, ಎಲ್ಲರಿಗೂ ಕಾಣುವಂತೆ ಕೂಡುತ್ತಿದ್ದರಂತೆ. ಮೊದಲ ಏಳೆಂಟು ತಿಂಗಳು ಆಕೆ ನೀರು ಬೇಕೇ ಎಂದೂ ಕೇಳಲಿಲ್ಲ. ಆಕೆ ಶೇಂಗಾ ಸುಲಿಯುತ್ತಿದ್ದರೆ ಇವರೂ ಸುಲಿದು, ಹೊತ್ತು ಇಳಿಯುವ ಮೊದಲು ಎದ್ದು ಬರುತ್ತಿದ್ದರು. ಸುಗ್ಗಿಯ ಹೊತ್ತಿಗೆ ಒಂದು ತಂಬಿಗೆ ನೀರು ಬಂತು. ಅದಾದ ಮೇಲೆ ಆಕೆ ಮಗಳ ಸುದ್ದಿ ತೆಗೆದಳು. ಹುಡುಗಿ ಬೆಲ್ಲ ಕದ್ದದ್ದು, ಆಡಿನ ಮರಿಗೆ ತನ್ನ ಲಂಗ ತೊಡಿಸಿದ್ದು, ಸಾಲೆಗೆ ಹೋಗುವುದಿಲ್ಲವೆಂದು ಕಣಜದಲ್ಲಿ ಅಡಗಿದ್ದು. ಒಂದು ಗುರುವಾರ ಸಂಜೆ ಸಾಮುವೇಲಪ್ಪ ಸೈಕಲ್ಲನ್ನು ಗೋಡೆಗೆ ಆನಿಸುತ್ತ ನನಗೆ ಹೇಳಿದರು: “ರಾಹೇಲಿ ಅಂತ ಅಕಿ ಹೆಸರು. ಈಗ ಅಕಿ ಸುದ್ದಿ ಎಲ್ಲಾ ನನಗ ಗೊತ್ತದ. ಬದುಕಿದ್ದಾಗ ಹೆಸರೂ ಗೊತ್ತಿರಲಿಲ್ಲರೀ.”

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಮಾನ್ವಿಗೆ ವರ್ಗವಾಯಿತು. ಅಲ್ಲಿಗೆ ಹೋದ ಎರಡನೆಯ ವರ್ಷ ದಾನಮ್ಮ ತೀರಿಕೊಂಡ ಸುದ್ದಿ ಬಂತು. ಬಸ್ಸು ಹಿಡಿದು ಹೋದೆ. ಮನೆ ತುಂಬ ಜನ, ಸಾಮುವೇಲಪ್ಪನವರ ಮಗ ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆಯುತ್ತಿದ್ದ. ರಾಯಚೂರಿನಿಂದ ಬಂದ ಪಾದ್ರಿಗಳು ಪರಲೋಕದ ಬಗ್ಗೆ ಚೆನ್ನಾಗಿ ಮಾತಾಡಿದರು. ಸಾಮುವೇಲಪ್ಪ ಒಣಗಿದ ಕಣ್ಣಿನಿಂದ ಎಲ್ಲರಿಗೂ ಕೈಮುಗಿಯುತ್ತಿದ್ದರು.

ಮಧ್ಯಾಹ್ನ ಎಲಿಶಮ್ಮ ಬಂದಳು. ಮಸರಕಲ್ಲಿನಿಂದ ನಡೆದೇ ಬಂದಿದ್ದಳು, ಕಾಲೆಲ್ಲ ಧೂಳು. ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ ಮೊರದಲ್ಲಿ ಜೋಳ ತಂದಳು. ಅವರಿಂದ ಒಂದು ಮಾರು ದೂರದಲ್ಲಿ ಗೋಡೆಗೆ ಒರಗಿ ಕುಳಿತು ಹರಳು ಆರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಸಾಮುವೇಲಪ್ಪ ಅಳತೊಡಗಿದರು. ಆ ದನಿಗೆ ಓಣಿಯ ಆ ತುದಿಯಿಂದ ರಸೂಲ್‌ಸಾಬರು ಓಡಿ ಬಂದರು. ಸಾಕು ಮಾಡಿರೆಂದು ನಾಲ್ಕೈದು ಜನ ಹೇಳಿದರು. ಎಲಿಶಮ್ಮ ಹೇಳಲಿಲ್ಲ, ಹರಳು ಆರಿಸುತ್ತಲೇ ಇದ್ದಳು.

ಮರುದಿನ ನಾನು ಹೊರಡುವಾಗ ಅವರು ಬಸ್ ನಿಲ್ದಾಣದವರೆಗೆ ಬಂದರು. ದಾರಿಯಲ್ಲಿ ತಾವಾಗಿಯೇ ಮಾತು ತೆಗೆದರು.

“ಅಳೋರಿಗೆ ಸಮಾಧಾನ ಸಿಗತದ ಅಂತ ಬರದದ ನೋಡ್ರಿ. ಯಾರ ಕೈಲೆ ಸಿಗತದ ಅಂತ ಬರದಿಲ್ಲ. ಅದು ಸ್ವಾಮಿ ಕೆಲಸ ಅಂತ ತಿಳದು ನಾ ಅವತ್ತ ಬರೇ ಬಾಯಿಲೆ ಹೇಳಿ ಎದ್ದು ಬಂದಿದ್ದೆ. ಅಳೋದರಾಗ ಏನೂ ಧನ್ಯ ಇಲ್ರೀ. ಅಳುವಾಗ ಬಾಜೂಕ ಒಬ್ರು ಕುಂತಿರತಾರಲ್ಲ, ಅವರ ರೂಪದಾಗ ಬರತದ ಅದು.”

ಇದು ಧರ್ಮಶಾಸ್ತ್ರಕ್ಕೆ ಸರಿಯೋ ತಪ್ಪೋ ನನಗೆ ತಿಳಿಯದು. ನಾನು ಆ ಮತದವನಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ರಾಯಚೂರು ಬಸ್ ನಿಲ್ದಾಣದಲ್ಲಿ, ಐದಾರು ವರ್ಷಗಳ ನಂತರ. ಕಣ್ಣಿಗೆ ಪೊರೆ ಬಂದಿತ್ತು, ಬಸ್ಸಿನ ಬೋರ್ಡು ಓದಿಸಿಕೊಳ್ಳಲು ನನ್ನನ್ನೇ ಯಾರೋ ಎಂದು ತಿಳಿದು ಹಿಡಿದು ನಿಲ್ಲಿಸಿದ್ದರು. ಗಿಲ್ಲೆಸುಗೂರಿಗೆ ಹೊರಟಿದ್ದರು. ಅಲ್ಲಿ ಯಾರಿದ್ದಾರೆಂದು ಕೇಳಿದೆ. “ಗುರ್ತಿನವರು ಯಾರೂ ಇಲ್ರೀ. ಒಂದು ಮನ್ಯಾಗ ಮಗ ತೀರಿ ಹೋಗ್ಯಾನಂತ ಕೇಳೀನಿ,” ಎಂದರು. ನಾನು ಬಸ್ಸು ಹತ್ತಿಸಿದೆ.

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ನನಗೆ ತಿಳಿದದ್ದು ಎರಡು ವಾರದ ಮೇಲೆ. ಮಾನ್ವಿಯಿಂದ ದೇವದುರ್ಗದವರೆಗೆ ಅವರ ಮಗನಿಗೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಮಾತು ಹೊಂದಿಸಿಕೊಂಡೆ. ನಿಮ್ಮ ತಂದೆ ದೊಡ್ಡವರು, ಪುಣ್ಯವಂತರು, ಇಂಥವೇ. ಮಗ ಕಟ್ಟೆಯ ಮೇಲೆ ಕುಳಿತಿದ್ದ, ನನ್ನನ್ನು ನೋಡಿ ಸರಿದು ಜಾಗ ಮಾಡಿದ. ನಾನು ಕುಳಿತೆ. ಹೊಂದಿಸಿಕೊಂಡಿದ್ದ ಮಾತು ಆಡಲಿಲ್ಲ. ಮೂರು ಗಂಟೆಯ ಬಸ್ಸು ಹೋಯಿತು, ಐದರದ್ದೂ ಹೋಯಿತು. ಎದ್ದು ಹೋಗಬೇಕೆಂದು ನನಗೆ ಅನ್ನಿಸಲಿಲ್ಲ, ಅವನೂ ಹೊರಡಿ ಎನ್ನಲಿಲ್ಲ.