ಹಿಂದಿನ ಚಕ್ರದ ಟೈರು

ಕಸ್ತೂರಕ್ಕ, ಅವ್ವ ಸತ್ತದ್ದು ಮಾಮಾನ ಬೈಕ್ ಓಟದ ಹುಚ್ಚಿನಿಂದಲ್ಲ, ನಾನು ಹಾಕಿಕೊಟ್ಟ ಟೈರಿನಿಂದ. ಅದು ರಸ್ತೆಗೆ ಆಗುವ ಟೈರಲ್ಲ ಎಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಹಾಕಿದೆ, ಗೊತ್ತಿದ್ದೇ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನೀನು ನಿನ್ನ ಗಂಡನಿಗೆ, ಅದೇ ಮಾಮಾನಿಗೆ, ತವರಿನ ಬಾಗಿಲು ಹಾಕಿದ ದಿನ ನಾನು ನಿನ್ನ ಪಕ್ಕದಲ್ಲೇ ಇದ್ದೆ, ನಿನ್ನ ಭುಜ ಹಿಡಿದುಕೊಂಡು.

ನಾನು ಮಾತುಗಾರ. ಆಳಂದದ ನನ್ನ ಟೈರಂಗಡಿಗೆ ಪಂಕ್ಚರ್ ಹಾಕಿಸಲು ಬಂದವರು ಚಹಾ ಕುಡಿದು, ಹೊಸ ಟೈರು ಹಾಕಿಸಿಕೊಂಡು ಹೋಗುತ್ತಾರೆ. ಅಂಥವನಿಗೆ ಈ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ ಎಂದರೆ ನೀನು ನಂಬಬೇಕಾಗಿಲ್ಲ. ಬಂದಿತ್ತು. ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು, ನಾನೇ ನುಂಗಿದೆ.

ಸಿದ್ದರಾಮ ಮಾಮಾ ಮದುವೆಗಳ ಫೋಟೋ ತೆಗೆಯುತ್ತಿದ್ದರು, ನಿನಗೆ ಹೇಳಬೇಕಾದ್ದೇನಿಲ್ಲ. ಆರು ದಿನ ಕ್ಯಾಮೆರಾ ಚೀಲ ಹೆಗಲಿಗೆ, ನರೋಣಾದಿಂದ ಕರಜಗಿವರೆಗೆ ಅದೇ ಬೈಕಿನಲ್ಲಿ ತಿರುಗಾಟ. ಭಾನುವಾರ ಬಂತೆಂದರೆ ಜೇವರ್ಗಿ. ಊರ ಹೊರಗೆ ಪ್ಲಾಟ್ ಹಾಕಿ, ನೆಟ್ಟಗೆ ಡಾಂಬರು ರಸ್ತೆ ಮಾಡಿ, ಒಂದು ಮನೆಯೂ ಏಳದೆ ಬಿದ್ದಿದ್ದ ಲೇಔಟು. ಅಲ್ಲಿ ಡ್ರ್ಯಾಗ್ ರೇಸು. ಎರಡು ಬೈಕು ಅಕ್ಕಪಕ್ಕ ನಿಲ್ಲುತ್ತವೆ, ಕರವಸ್ತ್ರ ಕೆಳಗೆ ಬಿದ್ದ ಕೂಡಲೇ ಹೊರಡುತ್ತವೆ, ಆ ತುದಿಯ ಸುಣ್ಣದ ಗೆರೆ ಮೊದಲು ದಾಟಿದವನು ಗೆದ್ದ. ತಿರುವಿಲ್ಲ, ಉಬ್ಬಿಲ್ಲ. ಹೊರಡುವ ಗಳಿಗೆಯಲ್ಲಿ ಹಿಂದಿನ ಚಕ್ರ ನೆಲವನ್ನು ಕಚ್ಚಿತೋ, ಸುಮ್ಮನೆ ಗಿರಗಿರನೆ ತಿರುಗಿತೋ — ಅಷ್ಟರ ಮೇಲೆಯೇ ಎಲ್ಲ.

ಒಂದು ದಿನ ಮಾಮಾ ಅಂಗಡಿಗೆ ಬಂದರು. "ಶರಣು, ಭಾನುವಾರ ಓಟಕ್ಕೂ ಆಗಬೇಕು, ಸೋಮವಾರ ನಿಮ್ಮಕ್ಕನ್ನ ಹಿಂದ ಕುಂದರಿಸ್ಕೊಂಡು ಸಂತಿಗೂ ಹೋಗಬೇಕು. ಅಂಥಾದೊಂದು ಟೈರ್ ಹಾಕು," ಅಂದರು.

ಅದಕ್ಕೆ ಸರಿಯಾದ ಉತ್ತರ ನನಗೆ ಬಾಯಿಪಾಠವಾಗಿತ್ತು. ಓಟಕ್ಕೆ ಮೆತ್ತನೆಯ ರಬ್ಬರು ಬೇಕು, ಟೈರಿನ ಮೈಮೇಲೆ ಗೆರೆ ಕಡಿಮೆ ಇದ್ದಷ್ಟೂ ಅದು ನೆಲಕ್ಕೆ ಅಂಟಿಕೊಳ್ಳುತ್ತದೆ. ರಸ್ತೆಗೆ ಆಳವಾದ ಗೆರೆಯೇ ಬೇಕು, ನೀರನ್ನೂ ಕೆಸರನ್ನೂ ಆಚೆ ತಳ್ಳುವುದು ಅದೇ. ಎರಡಕ್ಕೂ ಆಗುವ ಟೈರು ಇಲ್ಲವೆಂದಲ್ಲ. ಅದರಲ್ಲಿ ಗೆರೆ ಪೂರ್ತಿ ಇರುತ್ತದೆ, ರಬ್ಬರು ತುಸು ಮೆತ್ತಗಿರುತ್ತದೆ, ಬೇಗ ಸವೆಯುತ್ತದೆ, ಓಟದಲ್ಲಿ ಸ್ವಲ್ಪ ಹಿಂದೆ ಬೀಳಬೇಕಾಗುತ್ತದೆ. ಹಿಂದೆ ಬೀಳುವುದು ಬೇಡವೆಂದರೆ ಎರಡು ಚಕ್ರ ಇಟ್ಟುಕೊಂಡು ಭಾನುವಾರಕ್ಕೊಂದು, ಉಳಿದ ದಿನಕ್ಕೊಂದು ಹಾಕಿಕೊಳ್ಳಬೇಕು. ಇಷ್ಟು ಹೇಳಿ ಕಳಿಸಿದ್ದರೆ ಅವ್ವ ಇವತ್ತು ಪಡಸಾಲೆಯಲ್ಲಿ ಕೂತು ಮೊಮ್ಮಗಳು ಪೂಜಾಳ ಮದುವೆಯ ಸೀರೆಗಳಿಗೆ ಹೆಸರಿಡುತ್ತಿದ್ದಳು.

ಆದರೆ ಅದರ ಹಿಂದಿನ ಭಾನುವಾರ ಅಫಜಲಪುರದ ಟೈರಿನವನೊಬ್ಬ ನಾಲ್ಕು ಜನರ ಎದುರು, "ಆಳಂದದವ್ರಿಗಿ ಲಾರಿ ಟೈರ್ ಬಿಟ್ರ ಏನ್ ತಿಳೀತದ" ಅಂದಿದ್ದ. ಅವನು ಅಂದದ್ದು ಅಷ್ಟೇ. ನನಗೆ ಮೈಯೆಲ್ಲ ಉರಿದಿತ್ತು. ಮಾಮಾ ಗೆಲ್ಲಲೇಬೇಕು, ಯಾರು ಹಾಕಿದ ಟೈರು ಎಂದು ಜನ ಕೇಳಬೇಕು — ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಓಟ ಬಿಟ್ಟವನೊಬ್ಬ ತನ್ನ ರೇಸ್ ಟೈರನ್ನು ನನ್ನಲ್ಲಿ ಎಸೆದು ಹೋಗಿದ್ದ. ಸವೆದು ನುಣ್ಣಗಾಗಿತ್ತು. ಓಟಕ್ಕೆ ಅದಕ್ಕಿಂತ ಒಳ್ಳೆಯದು ಸಿಗದು. ಆದರೆ ಮಾಮಾ ಒಪ್ಪಬೇಕಲ್ಲ. ನಮ್ಮ ಕಡೆ ಸವೆದ ಲಾರಿ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗೆರೆ ಕೊರೆಯುತ್ತಾರೆ, ಅದರಲ್ಲಿ ನನ್ನ ಕೈ ಪಳಗಿತ್ತು. ಲಾರಿಯದಾದರೆ ಕೊರೆಯುವಷ್ಟು ರಬ್ಬರು ಒಳಗೆ ಉಳಿದಿರುತ್ತದೆ. ಬೈಕಿನದಕ್ಕೆ ಎಲ್ಲಿಂದ ಬರಬೇಕು? ಆದರೂ ಕೊರೆದೆ. ಮೇಲೆ ಮೇಲೆ, ಕಣ್ಣಿಗೆ ಕಾಣುವಷ್ಟು. ಕಪ್ಪು ಪಾಲಿಶು ಹಚ್ಚಿದೆ. ಹೊಸದರ ಹಾಗೆ ಮಿಂಚಿತು.

"ದಿನಾ ಓಡಿಸಾಕ ನಡೀತದಲ್ಲ?" ಅಂತ ಮಾಮಾ ಕೇಳಿದರು.

"ಎರಡಕ್ಕೂ ನಡೀತದ್ರಿ ಮಾಮಾ. ನಾ ಇದ್ದೇನಲ್ಲ," ಅಂದೆ.

ಮಾಮಾ ಗೆದ್ದರು. ಅಫಜಲಪುರದವನು ಬಂದು ಟೈರು ಮುಟ್ಟಿ ನೋಡಿ ಹೋದ. ಜೇವರ್ಗಿಯ ಹುಡುಗರು ನನ್ನ ಅಂಗಡಿ ಹುಡುಕಿಕೊಂಡು ಬರತೊಡಗಿದರು. ಮಾಮಾನನ್ನು ಕರೆದು ಒಳ್ಳೆಯ ಟೈರು ಹಾಕಿ ಕಳಿಸಬೇಕು ಎಂದು ಅನ್ನಿಸದೆ ಇರಲಿಲ್ಲ. ಕರೆದರೆ ಯಾಕೆ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ. ಮುಂದಿನ ವಾರ ನೋಡೋಣ, ಮಳೆ ಶುರುವಾಗುವ ಮುಂಚೆ ನೋಡೋಣ... ಹೀಗೆ ದೂಡಿದೆ.

ಅವ್ವ ಮಾಮಾನ ಬೈಕಿನ ಹಿಂದೆ ಕೂತು ಅಫಜಲಪುರದ ಚಿಕ್ಕಮ್ಮನ ಮನೆಗೆ ಹೊರಟ ಮುಂಜಾನೆ ಮೋಡ ಕವಿದಿತ್ತು. ಅಂಗಡಿಯ ಮುಂದೆಯೇ ಹಾದು ಹೋದರು, ಅವ್ವ ಕೈ ಬೀಸಿದಳು. ತಡೆಯಬಹುದಿತ್ತು. "ಬಸ್ಸಿಗಿ ಹೋಗವ್ವಾ" ಅಂದಿದ್ದರೆ ಸಾಕಿತ್ತು. ನಾನೂ ಕೈ ಬೀಸಿದೆ.

ಚೌಡಾಪುರದ ಹತ್ತಿರ ಹೊಲದಿಂದ ಬಂದ ಟ್ರ್ಯಾಕ್ಟರುಗಳು ರಸ್ತೆಯ ಮೇಲೆಲ್ಲ ಎರೆಮಣ್ಣು ಉದುರಿಸಿದ್ದವು. ಅದರ ಮೇಲೆ ಜಿಟಿಜಿಟಿ ಹನಿ. ಅವ್ವನಿಗೆ ಜೋರು ಓಡಿಸಿದರೆ ಭಯ, ಮಾಮಾ ಎತ್ತಿನ ಗಾಡಿಯ ಹಾಗೆ ಹೋಗುತ್ತಿದ್ದರಂತೆ. ಹಿಂದಿನ ಚಕ್ರ ಸರ್ರನೆ ಜಾರಿತು. ಮಾಮಾನ ಬಲ ಮಣಿಕಟ್ಟು ಮುರಿಯಿತು. ಅವ್ವನ ತಲೆ ನೆಲಕ್ಕೆ ಬಡಿದಿತ್ತು.

ಸುದ್ದಿ ಬಂದಾಗ ನೀವೆಲ್ಲ ಆಸ್ಪತ್ರೆಗೆ ಓಡಿದಿರಿ. ನಾನು ಬೈಕಿನ ಕಡೆ ಓಡಿದೆ, ಅಕ್ಕಾ. ಹೆತ್ತವ್ವ ಉಸಿರು ಬಿಡುತ್ತಿದ್ದಾಗ ನಾನು ಬೈಕನ್ನು ಟೆಂಪೋದಲ್ಲಿ ಹೇರಿಕೊಂಡು ಅಂಗಡಿಗೆ ತಂದೆ, ಆ ಟೈರು ಕಳಚಿ ಬೇರೆಯದು ಹಾಕಿದೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ನೀನು ನನ್ನನ್ನು ತಬ್ಬಿಕೊಂಡು ಅತ್ತೆ. ನನ್ನ ಕೈಗೆ ಇನ್ನೂ ರಬ್ಬರಿನ ಕರಿ ಇತ್ತು.

ಅವ್ವನ ಮಣ್ಣಾದ ಮೇಲೆ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಾಗಿಲಿಗೆ ಬಂದ ಗಂಡನಿಗೆ, ಪುಟ್ಟ ಪೂಜಾಳನ್ನು ಕಂಕುಳಲ್ಲಿ ಎತ್ತಿಕೊಂಡು ನೀನು ಅಂದ ಮಾತು ಇಡೀ ಓಣಿ ಕೇಳಿತು. "ನಿಮ್ಮ ಓಟ ನಮ್ಮವ್ವನ್ನ ತಿಂತು. ನನ್ನ ಮುಂದ ನಿಂದ್ರಬ್ಯಾಡ್ರಿ." ಮಾಮಾ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ತಲೆ ಬಗ್ಗಿಸಿ ಹೋದರು. ತಪ್ಪಿನ ನಾಚಿಕೆ ಅವರ ಬಾಯಿ ಕಟ್ಟಿದೆ ಎಂದು ನಾನು ನನಗೇ ಹೇಳಿಕೊಂಡೆ. ಎಂಥ ಅನುಕೂಲದ ಸಮಾಧಾನ.

ಮೊನ್ನೆ ನೀನು, "ತಮ್ಮಾ, ಪೂಜಾನ ಮದುವಿಯಾಗ ಅಪ್ಪನ ಜಾಗಾದಾಗ ನೀನೇ ನಿಂದ್ರಬೇಕು" ಅಂದೆ. ನಾನು ಹೂಂ ಅಂದೆ. ಮಾಮಾನನ್ನು ಹುಡುಕಿಕೊಂಡು ಜೇವರ್ಗಿಗೆ ಹೋದೆ.

ಮಾಮಾ ಅಲ್ಲೊಂದು ಝೆರಾಕ್ಸ್ ಅಂಗಡಿಯಲ್ಲಿ ಕೂಡುತ್ತಾರೆ. ಮಣಿಕಟ್ಟು ತಿರುಗುವುದಿಲ್ಲ, ಕ್ಯಾಮೆರಾ ಹಿಡಿಯಲಾಗುವುದಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವರು ಕಾಗದ ಜೋಡಿಸುತ್ತಲೇ ಕೇಳಿಸಿಕೊಂಡರು.

"ನನಗ ಗೊತ್ತದ ಶರಣು," ಅಂದರು. "ಬಿದ್ದಾಗ ಗಾಲಿ ನನ್ನ ಮಾರಿ ಮುಂದೇ ಇತ್ತು. ನೀ ಕೊರದ ಗೆರಿ ಅಲ್ಲೇ ಕಂಡ್ವು."

"ಮತ್ತ ಯಾಕ ಹೇಳ್ಲಿಲ್ರಿ?" ಅಂದೆ.

"ನಿಮ್ಮಕ್ಕ ತಾಯೀನ ಕಳ್ಕೊಂಡಿದ್ಳು. ಹೇಳಿದ್ರ ತಮ್ಮನ್ನೂ ಕಳ್ಕೊಂತಿದ್ಳು. ತವರಂತ ಉಳಿದಿದ್ದು ನೀ ಒಬ್ಬನೇ."

"ಮದುವಿಗಿ ಬರ್ರಿ ಮಾಮಾ. ನಾ ಎಲ್ಲಾರ ಮುಂದ ಹೇಳ್ತೇನಿ."

"ಬರಂಗಿಲ್ಲ. ಪೂಜಾಗ ನನ್ನ ಮಾರಿ ನೆನಪಿಲ್ಲ. ಯಾರೋ ಒಬ್ಬಂವ ಬಂದು ಅಪ್ಪ ಅಂತ ನಿಂತ್ರ ಆ ಕೂಸು ಏನ್ ಮಾಡಬೇಕು? ಹೋಗು. ಆಕೀಗಿ ಹೇಳಬ್ಯಾಡ."

ಎಷ್ಟು ಬೇಡಿಕೊಂಡರೂ ಅಷ್ಟೇ. ಊರೂರಿನ ಮಕ್ಕಳ ಮದುವೆಯ ಫೋಟೋ ತೆಗೆದ ಮನುಷ್ಯ ತನ್ನ ಮಗಳ ಮದುವೆಗೆ ಬರುವುದಿಲ್ಲ. ಅವರ ಕೈ ಸರಿಹೋಗುವುದಿಲ್ಲ, ಪೂಜಾ ಅಪ್ಪನಿಲ್ಲದೆ ಬೆಳೆದ ವರ್ಷಗಳು ತಿರುಗಿ ಬರುವುದಿಲ್ಲ, ಅವ್ವ... ನಾನು ಹೇಳಿದ್ದರಿಂದ ಯಾವುದೂ ನೆಟ್ಟಗಾಗುವುದಿಲ್ಲ ಎಂದು ಗೊತ್ತಿದೆ. ಹೇಳಬೇಡ ಎಂದ ಮಾಮಾನ ಮಾತನ್ನೂ ಈಗ ಮುರಿದೆ. ಅವರು ತಮ್ಮ ಮನೆಯನ್ನೇ ಕಳೆದುಕೊಂಡು ನಿನಗೆಂದು ಉಳಿಸಿದ್ದ ಒಬ್ಬ ತಮ್ಮನನ್ನೂ ನಿನ್ನಿಂದ ಕಿತ್ತುಕೊಂಡೆ.

ಪೂಜಾಳ ಮದುವೆಯಲ್ಲಿ ಆ ಜಾಗದಲ್ಲಿ ನಾನು ನಿಲ್ಲುವುದಿಲ್ಲ. ಅದು ಖಾಲಿ ಇರಲಿ, ಯಾಕೆ ಖಾಲಿ ಎಂದು ಕೇಳಿದವರಿಗೆ ನಾನೇ ಹೇಳುತ್ತೇನೆ. ಅಂದಿನಿಂದ ನಾವು ಕೂಡಿ ಇದ್ದ ತವರ ಮನೆ ಇನ್ನು ನಿನ್ನದು, ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತೇನೆ. ನಾಳೆ ಒಂದು ಸಲ ಬಾಗಿಲಿಗೆ ಬರುತ್ತೇನೆ, ಒಳಗೆ ಕರೆಯಬೇಡ. ಅವತ್ತು ಮಾಮಾನಿಗೆ ಅಂದ ಮಾತನ್ನು ನನಗೆ ಅನ್ನು. ಅದು ನನಗೆ ಸೇರಬೇಕಾಗಿದ್ದ ಮಾತು.