ಸೊಪ್ಪಿನ ಗಾಡಿಯ ಟ್ಯಾಂಕು

ಬಾನೆಟ್ ಎತ್ತಿ ನಿಲ್ಲಿಸಿದ ಗಾಡಿಯೊಂದು ಬೀದಿಯಲ್ಲಿ ಕಂಡರೆ ಸಾಕು, ನಮ್ಮ ಜೆ.ಪಿ. ನಗರದ ಗಂಡಸರಿಗೆಲ್ಲ ಎಲ್ಲಿಂದಲೋ ಜ್ಞಾನೋದಯವಾಗಿಬಿಡುತ್ತದೆ. ಹಾಲು ತರಲು ಹೊರಟವನು ನಿಲ್ಲುತ್ತಾನೆ, ನಾಯಿ ತಿರುಗಾಡಿಸುವವನು ನಿಲ್ಲುತ್ತಾನೆ, ನಾಯಿಯೂ ನಿಲ್ಲುತ್ತದೆ. "ಪ್ಲಗ್ ನೋಡಿ ಸಾರ್", "ಬ್ಯಾಟರಿ ಡೌನ್ ಆಗಿರ್ಬೇಕು", "ನಮ್ಮ ಷಡ್ಡಕನ ಗಾಡೀಲೂ ಹಿಂಗೇ ಆಗಿತ್ತು." ಅಷ್ಟು ಜನರಲ್ಲಿ ಬಾಯಿ ಮುಚ್ಚಿಕೊಂಡಿರುವುದು ನಾಯಿ ಒಂದೇ. ಹೋದ ವರ್ಷ ನಮ್ಮ ಹಳೇ ಪಿಕಪ್ಪಿನ ಪೆಟ್ರೋಲ್ ಟ್ಯಾಂಕು ಬಿಚ್ಚಿ ಹೊಸದು ಹಾಕಿಸಿದ ದಿನ ನಮ್ಮ ಮನೆ ಮುಂದೆಯೂ ಇಂಥದೇ ಸಂತೆ ನೆರೆದಿತ್ತು. ಅದರ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ, ಹಲ್ಲಿಗೆ ಕಡ್ಡಿ ಹಾಕುತ್ತಾ ಕೂತಿದ್ದವರು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ.

ಆ ಪಿಕಪ್ ನಮ್ಮ ಮಾವನವರು ಕೊಂಡದ್ದು. ಈಗ ನಮ್ಮದು ಬಾಡಿಗೆಯ ಮೇಲೆ ಬದುಕುವ ಮನೆ, ಆಗ ಸೊಪ್ಪು ಬೆಳೆಯುವ ಮನೆ. ದಂಟು, ಮೆಂತ್ಯ, ಕೊತ್ತಂಬರಿ ಎಲ್ಲ ಕಂತೆ ಕಟ್ಟಿ, ಬೆಳಗಿನ ಜಾವಕ್ಕೇ ತುಂಬಿಕೊಂಡು, ಜಯನಗರ, ಹನುಮಂತನಗರದ ಅಂಗಡಿಗಳಿಗೆ ಹಾಕಿಬರಬೇಕಿತ್ತು. ಭಾವನವರಿಗೆ ಬಿಳಿ ಷರ್ಟು ಕೊಳೆಯಾಗುವ ಯಾವ ಕೆಲಸವೂ ಆಗದು. ನಮ್ಮನೆಯವರಿಗೆ ಸ್ಟೀರಿಂಗ್ ಮುಟ್ಟಿದರೆ ಅಂಗೈ ಬೆವರುತ್ತಿತ್ತು. ಮಾವನವರು ಇಬ್ಬರು ಮಕ್ಕಳ ಮುಖವನ್ನೂ ನೋಡಿ, ಒಂದು ದಿನ ನನ್ನನ್ನು ಕರೆದು, "ಎಮ್ಮೆ ಹಿಡಿಯೋ ಕೈ ಇದನ್ನ ಹಿಡಿಯಲ್ವೇನವ್ವಾ? ಹತ್ತು" ಅಂದರು. ಹತ್ತಿದೆ, ಕಲಿತೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಗೇರ್ ಹಾಕುತ್ತಿದ್ದ ನನ್ನನ್ನು ನೋಡಿ ಊರೆಲ್ಲ ನಕ್ಕಿತು. ನಗಲಿ ಬಿಡಿ, ಅವರ ಮನೆ ಸಾರಿಗೂ ನನ್ನ ಗಾಡಿಯ ಸೊಪ್ಪೇ ಆಗಬೇಕಿತ್ತು. ಬಡಾಯಿ ಅಂದುಕೊಂಡರೆ ಅಂದುಕೊಳ್ಳಿ, ಅಷ್ಟು ವರ್ಷ ಓಡಿಸಿ ಒಂದು ಸೈಕಲ್ಲಿಗೂ ತಾಗಿಸಿದವಳಲ್ಲ ನಾನು.

ಮಾವನವರು ತೀರಿಕೊಂಡ ಮೇಲೆ ಗಾಡಿಗೆ ಒಂದು ರೋಗ ಬಂತು. ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಹನುಮಂತನಗರದ ಏರು ಬಂತೋ, ಅರ್ಧ ಹತ್ತಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಹಿಂದೆ ಬಸ್ಸಿನವನ ಹಾರನ್ನು, ಪಕ್ಕದಲ್ಲಿ ಗುಡ್ಡದ ದೇವಸ್ಥಾನಕ್ಕೆ ಹೊರಟವರ ನಗು. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಮನೆಗೆ ಬಂದು ಹೇಳಿದರೆ ಭಾವನವರು ಮನೆ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ಗಾಡಿಗೇನಾಗಿದೆ? ಬೆಣ್ಣೆ ಹಂಗಿದೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಅನ್ನುತ್ತಿದ್ದರು. ಬ್ರೇಕ್ ಹಾಕಿದಾಗ ಹಿಂದುಗಡೆ ಗಲ್ ಅಂತ ಏನೋ ಸದ್ದಾಗುತ್ತೆ ಅಂತ ಒಂದು ಸಲ ಹೇಳಿದೆ. "ಅದು ನಿನ್ನ ಬಳೆ ಸದ್ದು ಕಣಮ್ಮಾ" ಅಂದರು. ಎಲ್ಲರೂ ನಕ್ಕರು. ನಮ್ಮನೆಯವರೂ ನಕ್ಕರು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು.

ಕೊನೆಗೊಂದು ದಿನ ಅದೇ ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರಿ, ಕಂತೆ ಕಂತೆ ಸೊಪ್ಪು ರಸ್ತೆಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೂ ಭಾವನವರು ಮೊಳೆಗೆ ತೂಗುಹಾಕಿದ್ದ ಕೀ ತೆಗೆದು ಜೇಬಿಗೆ ಹಾಕಿಕೊಂಡು, "ಸಾಕು. ಗಾಡಿ ಓಡಿಸೋದು ಹೆಂಗಸರ ಕೆಲಸ ಅಲ್ಲ ಅಂತ ಆವತ್ತೇ ಅಪ್ಪಂಗೆ ಹೇಳಿದ್ದೆ" ಅಂದರು. ಸಂಬಳಕ್ಕೆ ಒಬ್ಬ ಡ್ರೈವರ್ ಬಂದ. ಅವನ ಕೈಯಲ್ಲೂ ಗಾಡಿ ಅದೇ ಏರಿನಲ್ಲಿ, ಅದೇ ರೀತಿ ನಿಂತಿತು. ಆಗ ನಮ್ಮ ಭಾವನವರು ಏನಂದರು ಗೊತ್ತಾ? "ಪಾಪ, ಅವನೇನು ಮಾಡ್ತಾನೆ, ಗಾಡಿ ಹಳೇದಾಯ್ತು!" ನಾನು ಓಡಿಸಿದರೆ ತಪ್ಪು ಕೈಯದು, ಅವನು ಓಡಿಸಿದರೆ ತಪ್ಪು ಗಾಡಿಯದು. ಈ ನ್ಯಾಯ ಕೇಳಿ ನನ್ನ ಪಿತ್ತ ನೆತ್ತಿಗೇರಿತು, ಆದರೆ ಬಾಯಿ ಬಿಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೇ ಅನುಮಾನ ಹತ್ತಿಬಿಟ್ಟಿತ್ತು. ಕ್ಲಚ್ ತಪ್ಪಿಸಿದ್ದು ನಾನೇ ಇರಬಹುದು, ಬಳೆ ಸದ್ದೇ ಇರಬಹುದು. ಗಾಡಿ ಶೆಡ್ಡು ಸೇರಿತು, ನಾನು ಅಡುಗೆಮನೆ ಸೇರಿದೆ. ಆಮೇಲೆ ಒಂದು ಸ್ಕೂಟಿಯನ್ನೂ ಮುಟ್ಟಲಿಲ್ಲ. ಲೈಸೆನ್ಸ್ ಮಾತ್ರ ಅವಧಿ ಮುಗಿದಾಗೆಲ್ಲ ರಿನ್ಯೂ ಮಾಡಿಸಿಕೊಂಡು ಬಂದೆ. ಯಾಕೆ ಅಂತ ಯಾರೂ ಕೇಳಲಿಲ್ಲ, ಒಳ್ಳೆಯದೇ ಆಯಿತು.

ಇಪ್ಪತ್ತು ವರ್ಷಕ್ಕೂ ಮೇಲೆ ಹಂಗೇ ಕಳೆಯಿತು. ಹೋದ ವರ್ಷ ಭಾವನವರು ಒಂದು ಹೊಸ ಪದ ಕಲಿತು ಬಂದರು: ಕ್ಲಾಸಿಕ್. "ನಮ್ಮ ಗಾಡಿ ಕ್ಲಾಸಿಕ್ಕಂತೆ ಕಣೋ" ಅಂತ ತಮ್ಮನಿಗೆ ಹೇಳುತ್ತಿದ್ದರು. ಹತ್ತಿರದಲ್ಲೇ ಯಾರೋ ಕಾಫಿ ಅಂಗಡಿ ತೆರೆಯುತ್ತಾರಂತೆ, ಅದಕ್ಕೆ ನಮ್ಮ ಗಾಡಿ ಕೇಳಿದ್ದಾರಂತೆ. ಪಿಕಪ್ಪಿನ ಇಂಜಿನ್ ಕಿತ್ತುಹಾಕಿ, ಹಿಂದುಗಡೆ ಮಣ್ಣು ತುಂಬಿ, ಹೂವಿನ ಗಿಡ ನೆಡುತ್ತಾರಂತೆ. ಅದರ ಮುಂದೆ ನಿಂತು ಜನ ಫೋಟೋ ಹೊಡೆಸಿಕೊಳ್ಳುತ್ತಾರಂತೆ. ಥೂ! ದುಡಿದು ಸವೆದ ಗಾಡಿಯ ಹೊಟ್ಟೆ ಬಗೆದು ಮಲ್ಲಿಗೆ ಬಳ್ಳಿ ಹಬ್ಬಿಸುವ ಈ ಶೋಕಿಗೆ ಏನನ್ನಬೇಕೋ ತಿಳಿಯಲಿಲ್ಲ. ಒಂದು ದಿನವೂ ಸೊಪ್ಪಿನ ಕಂತೆ ಎತ್ತದವರಿಗೆ ಹಳೇದರ ಮೇಲೆ ಪ್ರೀತಿ ಬಹಳ.

"ಕೊಡಬೇಡಿ" ಅಂದೆ.

"ಇಟ್ಕೊಂಡು ಏನ್ಮಾಡ್ತೀಯಮ್ಮಾ? ಅದೆಲ್ಲಿ ಓಡುತ್ತೆ?"

"ಓಡಿಸ್ತೀನಿ. ನಾನೇ ಓಡಿಸಿಕೊಂಡು ಹನುಮಂತನಗರದ ಏರು ಹತ್ತಿಸ್ತೀನಿ. ಹತ್ತಿದರೆ ಗಾಡಿ ನಂದು, ನಿಂತರೆ ಗಿಡ ನೆಟ್ಕೊಳ್ಳಿ."

ಭಾವನವರು ನಕ್ಕರು. ಆ ನಗುವಿನಲ್ಲೇ ಒಪ್ಪಿಗೆಯೂ ಇತ್ತು. ಆರ್‌ಟಿಓ ಓಡಾಟವನ್ನೆಲ್ಲ ನಮ್ಮನೆಯವರ ತಲೆಗೆ ಕಟ್ಟಿದೆ. ಕ್ಯೂನಲ್ಲಿ ತಾಳ್ಮೆಯಿಂದ ನಿಲ್ಲುವುದು ದೇವರು ಆ ಮನುಷ್ಯನಿಗೆ ಕೊಟ್ಟಿರುವ ಒಂದೇ ವಿದ್ಯೆ, ಅದನ್ನು ಚೆನ್ನಾಗಿಯೇ ಮಾಡಿದರು. ಇಂಜಿನ್, ಬ್ರೇಕು, ಟೈರು ಎಲ್ಲ ಬನಶಂಕರಿಯಿಂದ ಬಂದ ಒಬ್ಬ ಮೆಕ್ಯಾನಿಕ್ ನೋಡಿದ. ಉಳಿದದ್ದು ಪೆಟ್ರೋಲ್ ಟ್ಯಾಂಕು. ಅದರ ತಳ ತುಕ್ಕು ಹಿಡಿದು ತೂತಾಗಿತ್ತು.

ಆ ಮೆಕ್ಯಾನಿಕ್ಕನ ಬಗ್ಗೆ ಒಳ್ಳೆ ಮಾತು ಹೇಳೋಣವೆಂದರೆ ಒಂದೂ ಸಿಗುತ್ತಿಲ್ಲ. ಹೇಳಿದ ಹೊತ್ತಿಗೆ ಬರುವವನಲ್ಲ. ಬಂದರೆ ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಫೋನು. ಟ್ಯಾಂಕಿನ ಬುಡದಲ್ಲಿ ಕೂತು ಬೀಡಿ ಹಚ್ಚಲು ಹೋದ. "ಲೋ, ನಿನ್ನ ಹೆಂಡತಿ ಮುಖ ನೋಡೋ ಆಸೆ ಇಲ್ವೇನೋ?" ಅಂತ ಗದರಿದೆ. "ಹಳೇ ಪೆಟ್ರೋಲು ಆಂಟಿ, ಏನೂ ಆಗಲ್ಲ" ಅಂದ. ಬೀಡಿ ಕಿತ್ತು ಮೋರಿಗೆ ಎಸೆದೆ. ನಾನೇ ಮುಂದೆ ನಿಂತು ಬ್ಯಾಟರಿ ವೈರ್ ಬಿಚ್ಚಿಸಿದೆ. ತಳದಲ್ಲಿ ಉಳಿದಿದ್ದ ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿದೆವು, ಕಂದು ಬಣ್ಣಕ್ಕೆ ತಿರುಗಿ ಹಳೇ ವಾರ್ನಿಷ್ ನಾರುತ್ತಿತ್ತು. ಇಂಜಿನ್ನಿಗೆ ಹೋಗುವ ಪೈಪು ಬಿಚ್ಚಿದ, ಮೀಟರಿನ ವೈರು ಬಿಚ್ಚಿದ. ಟ್ಯಾಂಕು ನೇತಾಡುವುದು ಎರಡು ಕಬ್ಬಿಣದ ಪಟ್ಟಿಗಳ ಮೇಲೆ. ಆ ಪಟ್ಟಿಗಳ ಬೋಲ್ಟುಗಳು ತುಕ್ಕು ತಿಂದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು ನೆನೆಸೋಣ ಅಂದೆ. "ಬಡಿಯೋ, ಬಡಿಯೋ" ಅಂತ ಕುರ್ಚಿಯಿಂದ ಭಾವನವರು. "ಕಟ್ ಮಾಡ್ಸಿ ಅಂಕಲ್, ಟೈಮ್ ವೇಸ್ಟ್" ಅಂತ ನಾಯಿ ಹಿಡಿದು ನಿಂತಿದ್ದವನು. ನನ್ನ ಮಾತಿನಂತೆ ಎಣ್ಣೆ ಬಿಟ್ಟು, ಕಾಫಿ ಕುಡಿದು ಬಂದು ತಿರುಗಿಸಿದಾಗ ಬೋಲ್ಟು ಕಿರ್ರೆಂದು ಸಡಿಲಾಯಿತು. ಸಲಹೆ ಕೊಟ್ಟವರು ತಮ್ಮಿಂದಲೇ ಆಯಿತೆಂಬಂತೆ ತಲೆದೂಗಿದರು. ಕೆಳಗೆ ಜಾಕು, ಅದರ ಮೇಲೆ ಹಲಗೆ ಇಟ್ಟು ಟ್ಯಾಂಕನ್ನು ಮೆಲ್ಲಗೆ ಇಳಿಸಿದೆವು.

ನೆಲಕ್ಕೆ ತಾಗಿದ ಕ್ಷಣ ಒಳಗೆ ಗಲ್ ಅಂತು.

ಆ ಸದ್ದು ನನಗೆ ಗೊತ್ತು. ಮೆಕ್ಯಾನಿಕ್ಕು, "ಯಾವ್ದೋ ಬೋಲ್ಟು ಬಿದ್ದಿರುತ್ತೆ ಆಂಟಿ, ಗುಜರಿಗೆ ಹಾಕೋಣ ಬಿಡಿ" ಅಂದ. "ಮೊದಲು ಅದನ್ನ ಹೊರಗೆ ತೆಗಿಯೋ" ಅಂದೆ. ಆ ಕಾಲದ ಟ್ಯಾಂಕಿನ ಬಾಯಿ ಅಗಲ, ಚೊಂಬಿನ ಬಾಯಿಯಷ್ಟಿರುತ್ತದೆ. ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಒಳಗೆ ಆಡಿಸಿದ. ಎರಡು ಸಲ ಜಾರಿ, ಆಮೇಲೆ ಸಿಕ್ಕಿಕೊಂಡು ಮೇಲೆ ಬಂತು. ನೋಡಿದರೆ ಕಪ್ಪಗೆ ಜಿಡ್ಡು ಹಿಡಿದ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಒಳಮಡಿಕೆಯಲ್ಲಿ ಇನ್ನೂ ಅರಿಶಿನದ ಬಣ್ಣ. ಅದರಲ್ಲಿ ಒಂದು ರೂಪಾಯಿಯ ನಾಣ್ಯ, ಒಂದು ನಾಲ್ಕಾಣೆ. ಒಂದೂಕಾಲು ರೂಪಾಯಿ. ದೇವರಿಗೆ ಹರಕೆ ಹೊತ್ತು ಕಟ್ಟುವ ಮುಡಿಪು.

"ಓಹೋ!" ಅಂದ ಮೆಕ್ಯಾನಿಕ್ಕು. "ಏರು ಹತ್ತುವಾಗ ಇದು ಹಿಂದಕ್ಕೆ ಜಾರಿ ಪೈಪಿನ ಬಾಯಿಗೆ ಕೂತ್ಕೊಂಡಿರುತ್ತೆ. ಪೆಟ್ರೋಲ್ ಬರಲ್ಲ, ಗಾಡಿ ಆಫ್. ಇಂಜಿನ್ ನಿಂತ್ರೆ ಎಳೆತ ಇರಲ್ಲ, ಇದು ಕಳಚ್ಕೊಳ್ಳುತ್ತೆ, ಮತ್ತೆ ಸ್ಟಾರ್ಟ್." ಅದನ್ನು ಹೇಳಲು ಅವನು ಬೇಕಿರಲಿಲ್ಲ. ಗಂಟು ಮೇಲೆ ಬಂದಾಗಲೇ ನನಗೆ ಎಲ್ಲ ಅರ್ಥವಾಗಿತ್ತು. ನಾನು ನೋಡುತ್ತಿದ್ದದ್ದು ಕುರ್ಚಿಯ ಕಡೆ. ಭಾವನವರು ಕಾಲ ಮೇಲಿನ ಕಾಲು ಇಳಿಸಿದ್ದರು.

"ಯಾರದು ಭಾವ ಇದು?"

ಅವರು ಮೊದಲು ಆಕಾಶ ನೋಡಿದರು, ಆಮೇಲೆ ನಾಯಿಯನ್ನು ನೋಡಿದರು. ಕೊನೆಗೆ, "ಅಪ್ಪ ತೀರಿಕೊಂಡ ವರ್ಷ ಆಯುಧಪೂಜೆ ದಿನ ನಾನೇ ಹಾಕಿದ್ದು. ಬೇಗೂರಿನ ದೇವರಿಗೆ ಹರಕೆ ಹೊತ್ತಿದ್ದೆ" ಅಂದರು.

"ಯಾತಕ್ಕೆ ಹೊತ್ತಿರಿ?"

"ಹೆಂಗಸು ಓಡಿಸೋ ಗಾಡಿ, ಏನೂ ಅನಾಹುತ ಆಗದಿರಲಿ, ಕಾಪಾಡಪ್ಪಾ ಅಂತ. ನೀನು ನೋಡಿದ್ರೆ ಬಿಸಾಕ್ತೀಯಾ ಅಂತ ಒಳಗೆ ಹಾಕ್ದೆ."

ಶಿವನೇ! ನಾನು ಗಾಡಿ ಕೆಡಿಸದಿರಲಿ ಅಂತ ಗಾಡಿಯನ್ನೇ ಕೆಡಿಸಿದ್ದಾನೆ ಈ ಮಹಾನುಭಾವ! ಕೆಟ್ಟಾಗೆಲ್ಲ ನನ್ನ ಕೈಯತ್ತ ಬೆರಳು ತೋರಿಸಿದ್ದಾನೆ! ಬಾಯಿಗೆ ಬಂದದ್ದನ್ನೆಲ್ಲ ಆಡಿಬಿಡಬೇಕು ಅನ್ನಿಸಿತು. ಭಾವನವರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ಸುತ್ತ ನಿಂತವರಿಗೆ ಕೇಳುವಂತೆ, "ಹರಕೆ ಸುಳ್ಳಾಗಲಿಲ್ಲ ನೋಡಿ. ಅಷ್ಟು ವರ್ಷದಲ್ಲಿ ಒಂದು ಆಕ್ಸಿಡೆಂಟ್ ಆಯ್ತಾ?" ಅಂದರು. ನಾಯಿಯವನು "ಕರೆಕ್ಟು ಅಂಕಲ್" ಅಂದ. ಇಂಥವರ ಮಾತು ನಂಬಿಕೊಂಡು ಅಷ್ಟು ವರ್ಷ ಒಗ್ಗರಣೆ ಹಾಕುತ್ತಾ ಕೂತೆನಲ್ಲ ಅಂತ, ಅವರಿಗಿಂತ ಹೆಚ್ಚಾಗಿ ನನ್ನ ಮೇಲೇ ಅಸಹ್ಯ ಬಂತು. ಕಣ್ಣಲ್ಲಿ ನೀರು ಬಂದಿದ್ದು ಪೆಟ್ರೋಲ್ ವಾಸನೆಗೆ ಅಂತ ನಮ್ಮನೆಯವರು ತಿಳಿದುಕೊಂಡು ಟವೆಲ್ ತಂದುಕೊಟ್ಟರು.

ಹೊಸ ಟ್ಯಾಂಕು ಹಳೆಯದರ ಅಳತೆಗೇ ಮಾಡಿಸಿದ್ದು. ಒಳಗೆ ಪೆಟ್ರೋಲ್ ಹಾಕಿ ತೊಳೆಸಿದೆ. ಟಾರ್ಚ್ ಬಿಟ್ಟು ಮೂಲೆ ಮೂಲೆ ನಾನೇ ನೋಡಿದೆ. ಪಟ್ಟಿಗಳಿಗೆ ರಬ್ಬರ್ ಹಾಸಿ, ಜಾಕಿನಲ್ಲಿ ಎತ್ತಿ, ಬೋಲ್ಟು ಬಿಗಿದೆವು. ಹೊಸ ಪೈಪು, ಹೊಸ ಕ್ಲಿಪ್ಪು ಹಾಕಿದೆವು. ಪೆಟ್ರೋಲ್ ತುಂಬಿಸಿ ಹನಿ ಸೋರುತ್ತಾ ಅಂತ ಬೆರಳು ಆಡಿಸಿ ನೋಡಿದೆ, ಒಣಗಿತ್ತು. ಮುಚ್ಚಳಕ್ಕೆ ಬೀಗ ಇರುವಂಥದ್ದೇ ಹಾಕಿಸಿದೆ. ಬೀಗದ ಕೀಯನ್ನು ತಾಳಿಯ ಸರಕ್ಕೆ ಸಿಕ್ಕಿಸಿಕೊಂಡೆ.

ಭಾನುವಾರ ಬೆಳಗ್ಗೆ ಹೊರಟೆ. ಸಾಕ್ಷಿಗೆ ಭಾವನವರೇ ಪಕ್ಕದಲ್ಲಿ ಕೂತರು, ತೊಳೆದು ಹೊಸ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಬನಶಂಕರಿ ದಾಟುವವರೆಗೂ ಮೂರನೇ ಗೇರಿನ ಮೇಲೆ ಹೋಗಲಿಲ್ಲ. "ಬ್ರೇಕು, ಬ್ರೇಕು" ಅಂತ ಅವರು ಕೂಗಿದಾಗೆಲ್ಲ ಬೇಕೆಂದೇ ಆಕ್ಸಿಲರೇಟರ್ ಒತ್ತಿದೆ. ಸಿಗ್ನಲ್ಲಿನಲ್ಲಿ ನಿಲ್ಲಿಸಿದಾಗ ಕಿವಿಗೊಟ್ಟು ಕೇಳಿದೆ. ಹಿಂದುಗಡೆ ಸದ್ದಿಲ್ಲ. ನನ್ನ ಬಳೆ ಸದ್ದು ಬೇರೆಯೇ ಇದೆ, ಸಣ್ಣದು.

ಏರು ಬಂತು. ಎರಡನೇ ಗೇರಿಗೆ ಇಳಿಸಿದೆ. ಯಾವ ಜಾಗದಲ್ಲಿ ಸೊಪ್ಪು ಬಿದ್ದಿತ್ತೋ ಆ ಜಾಗ ಬಂದಾಗಲೂ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಲಿಲ್ಲ. ಗಾಡಿ ಕೆಮ್ಮಲಿಲ್ಲ. ಗೊಣಗುತ್ತಾ ಗೊಣಗುತ್ತಾ ಹತ್ತಿ, ತುದಿಯ ಹೂವಿನ ಅಂಗಡಿಯ ಮುಂದೆ ಬಂದು ನಿಂತಿತು. ನನಗೆ ಕೂಗಿಬಿಡಬೇಕು ಅನ್ನುವಷ್ಟು ಖುಷಿ. ಭಾವನವರು ಮುಷ್ಟಿ ಬಿಚ್ಚಿ, ಗಂಟನ್ನು ಕಣ್ಣಿಗೆ ಒತ್ತಿಕೊಂಡರು.

"ನೋಡಿದ್ಯೇನಮ್ಮಾ? ಮುಡಿಪು ಜೊತೇಲಿತ್ತು, ಅದಕ್ಕೇ ಹತ್ತಿತು."

ನಾನು ಆ ಕಡೆ ಕೈಚಾಚಿ ಅವರ ಬಾಗಿಲು ತೆಗೆದೆ.

"ಇಳೀರಿ ಭಾವ."

"ಯಾಕೆ?"

"ಇಳೀರಿ. ಮುಡಿಪೂ ತಗೊಂಡೇ ಇಳೀರಿ."

ಇಳಿದರು. ಗಾಡಿ ತಿರುಗಿಸಿ ಏರಿನ ಬುಡದವರೆಗೂ ವಾಪಸು ಹೋದೆ. ಅಲ್ಲಿಂದ ಮತ್ತೆ ಹತ್ತಿಸಿದೆ, ಈ ಸಲ ಒಬ್ಬಳೇ. ತುದಿಯಲ್ಲಿ ಭಾವನವರು ಬಿಳಿ ಷರ್ಟಿನಲ್ಲಿ, ಗಂಟು ಹಿಡಿದ ಕೈಯನ್ನೇ ಅಡ್ಡ ಹಿಡಿದು ನಿಂತಿದ್ದರು, ಹತ್ತಿಸಿಕೊಂಡು ಹೋಗು ಅಂತ. ನಾನು ಗೇರ್ ಬದಲಿಸಿ ಹಂಗೇ ಮುಂದೆ ಹೋದೆ.